‘ಯಾವ ಜನ?’ ಎಂಬ ಪ್ರಶ್ನೆಯ ಎದುರು: ನಾಲ್ಕು ಶನಿವಾರಗಳ ಒಂದು ಸಂವಾದ ಶಿಬಿರದ ವಿಮರ್ಶೆ

ಬಣ್ಣ, ಮುಖಚಹರೆ ಮತ್ತು ಜನಾಂಗದ ಹೆಸರಿನಲ್ಲಿ ನಡೆಯುವ ತಾರತಮ್ಯದ ಬಗ್ಗೆ ಜನರು ಮುಕ್ತವಾಗಿ ಮಾತನಾಡುವಂತೆ ಮಾಡುತ್ತೇವೆಂದು ಹೇಳುವ ಒಂದು ಸಂಸ್ಥೆಯ ಸೇವೆಯನ್ನು ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘವು ಕಳೆದ ಮಳೆಗಾಲದಲ್ಲಿ ಹಣ ಕೊಟ್ಟು ಪಡೆಯಿತು. ಬೆಂಗಳೂರಿನ ಕಮ್ಮನಹಳ್ಳಿಯ ಒಂದು ಮಹಡಿಯ ಮೇಲಿನ ಸಭಾಂಗಣದಲ್ಲಿ ನಾಲ್ಕು ಶನಿವಾರಗಳ ಕಾಲ, ಮಧ್ಯಾಹ್ನ ಮೂರರಿಂದ ಐದೂವರೆಯವರೆಗೆ ಶಿಬಿರ ನಡೆಯಿತು. ಒಬ್ಬರಿಗೆ 1,200 ರೂಪಾಯಿ ಶುಲ್ಕವಿತ್ತು. ಅದರಲ್ಲಿ ಅರ್ಧವನ್ನು ಸಂಘವೇ ಭರಿಸಿತು. ಒಟ್ಟು 22 ಜನ ಸೇರಿದ್ದೆವು. ಅವರಲ್ಲಿ 13 ಜನ ನಮ್ಮ ಕಟ್ಟಡದವರು, ಉಳಿದವರು ಸಂಸ್ಥೆಯು ಹೊರಗಿನಿಂದ ಸೇರಿಸಿಕೊಂಡವರು. ಸಂಸ್ಥೆಯ ಹೆಸರನ್ನು ನಾನು ಬರೆಯುವುದಿಲ್ಲ. ನಾನು ಕಂಡ ಕೊರತೆಗಳಲ್ಲಿ ಹೆಚ್ಚಿನವು ಇಂಥ ಶಿಬಿರ ನಡೆಸುವ ಯಾರಲ್ಲಾದರೂ ಇರಬಹುದಾದಂಥವು. ಕೆಲವಂತೂ ಅಲ್ಲಿ ಕುಳಿತಿದ್ದ ನಮ್ಮವೇ.

ಈ ಶಿಬಿರ ನಮಗೆ ಏಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ನಾಗಾಲ್ಯಾಂಡಿನ ಇಬ್ಬರು ಯುವತಿಯರು ಬಾಡಿಗೆಗಿದ್ದರು. ಇಬ್ಬರೂ ಆಸ್ಪತ್ರೆಯಲ್ಲಿ ನರ್ಸುಗಳು. ಅವರ ಮನೆಯಿಂದ ಅಡುಗೆಯ ವಾಸನೆ ಬರುತ್ತದೆಂದು ಮೂರು ಮನೆಯವರು ದೂರು ಕೊಟ್ಟರು. ಸಂಘದ ಕಾರ್ಯದರ್ಶಿಯಾದ ನಾನು ‘ಅಹಿತಕರ ವಾಸನೆ ಬರುವ ಅಡುಗೆಯನ್ನು ಮಾಡಬಾರದು’ ಎಂಬ ನೋಟಿಸನ್ನು ಬರೆದು, ಸಹಿ ಮಾಡಿ, ಲಿಫ್ಟಿನ ಪಕ್ಕದಲ್ಲಿ ಅಂಟಿಸಿದೆ. ಅದನ್ನು ನಿಯಮಾವಳಿಯ 14ನೇ ಕಲಮಾಗಿಯೂ ಸೇರಿಸಲಾಯಿತು. ನೋಟಿಸಿನಲ್ಲಿ ಯಾರ ಹೆಸರೂ ಇರಲಿಲ್ಲ, ಆದರೆ ಅದು ಯಾರಿಗೆಂದು ಕಟ್ಟಡದ ಮಕ್ಕಳಿಗೂ ತಿಳಿದಿತ್ತು. ಎರಡು ತಿಂಗಳ ನಂತರ ಮನೆಯ ಮಾಲೀಕರು ಕರಾರನ್ನು ನವೀಕರಿಸಲಿಲ್ಲ. ಆ ಯುವತಿಯರು ಬೇಯಿಸುತ್ತಿದ್ದುದು ಅಖುನಿ, ಅಂದರೆ ಹುದುಗಿಸಿದ ಸೋಯಾ ಕಾಳು. ನಾನು ಹುಟ್ಟಿ ಬೆಳೆದದ್ದು ಮಲೆನಾಡಿನಲ್ಲಿ. ಕಳಲೆಯನ್ನು, ಅಂದರೆ ಎಳೆ ಬಿದಿರನ್ನು, ಮೂರು ದಿನ ನೀರಿನಲ್ಲಿ ನೆನೆಹಾಕಿದಾಗ ನಮ್ಮ ಹಿತ್ತಲಿನಲ್ಲಿ ಎಂಥ ವಾಸನೆ ಇರುತ್ತಿತ್ತೆಂದು ನನಗೆ ಗೊತ್ತು, ಅದನ್ನು ನೆನೆದರೆ ಇಂದಿಗೂ ಬಾಯಲ್ಲಿ ನೀರೂರುತ್ತದೆ. ನೋಟಿಸ್ ಬರೆಯುವಾಗ ಆ ಕಳಲೆ ನನಗೆ ನೆನಪಾಗಲಿಲ್ಲ. ಆ ಯುವತಿಯರು ಹೋದ ಮೇಲೆ ಕಟ್ಟಡದ ಕೆಲವು ಕಿರಿಯರು ಪ್ರಶ್ನೆ ಎತ್ತಿದರು, ವಾದ ಬೆಳೆಯಿತು, ಕೊನೆಗೆ ಹೊರಗಿನವರೊಬ್ಬರನ್ನು ಕರೆಸಿ ಮಾತನಾಡೋಣವೆಂದು ತೀರ್ಮಾನವಾಯಿತು.

ವ್ಯವಸ್ಥೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಸಭಾಂಗಣ ಗಾಳಿ ಬೆಳಕಿನಿಂದ ಕೂಡಿತ್ತು, ಕುರ್ಚಿಗಳನ್ನು ವೃತ್ತಾಕಾರವಾಗಿ ಇಟ್ಟಿದ್ದರು, ಸಮಯಕ್ಕೆ ಸರಿಯಾಗಿ ಆರಂಭಿಸಿ ಸಮಯಕ್ಕೆ ಸರಿಯಾಗಿ ಮುಗಿಸುತ್ತಿದ್ದರು. ಶಿಬಿರವನ್ನು ನಡೆಸಿದ ಮಹಿಳೆ ತಾಳ್ಮೆಯವರು, ಓದಿಕೊಂಡವರು, ಯಾರನ್ನೂ ಗದರಿಸದೆ ಮಾತಿಗೆ ತರಬಲ್ಲವರು. ಅವರು ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದರು. ಅವರ ಸಹಾಯಕರು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಸಾರಾಂಶವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಮೊದಲ ದಿನ ಇದು ಸಣ್ಣ ಅನನುಕೂಲವೆಂದಷ್ಟೇ ನನಗೆ ತೋರಿತ್ತು.

ಮೊದಲ ಶನಿವಾರದ ಹೆಚ್ಚಿನ ಭಾಗ ಅಮೆರಿಕ ಮತ್ತು ದಕ್ಷಿಣ ಆಫ್ರಿಕಾಗಳಿಗೆ ಹೋಯಿತು. 1893ರಲ್ಲಿ ಪೀಟರ್‌ಮಾರಿಟ್ಜ್‌ಬರ್ಗ್ ನಿಲ್ದಾಣದಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಕೆಳಗಿಳಿಸಿದ್ದು, 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಿನ ಕೆಳಗೆ ಪ್ರಾಣ ಬಿಟ್ಟಿದ್ದು, ಇವೆಲ್ಲವೂ ಪರದೆಯ ಮೇಲೆ ಬಂದವು. ಎಲ್ಲರೂ ಮಾತನಾಡಿದರು, ಎಲ್ಲರೂ ಮರುಗಿದರು. ದೂರು ಕೊಟ್ಟಿದ್ದ ಮೂರು ಮನೆಯವರೂ ಮನಸ್ಸು ತುಂಬಿ ಮಾತನಾಡಿದರು, ಅವರ ಮರುಕದಲ್ಲಿ ಸುಳ್ಳಿರಲಿಲ್ಲ. ದೂರದ ಊರಿನ ಅನ್ಯಾಯವನ್ನು ಕುರಿತು ಮಾತನಾಡುವಾಗ ನಾವು ಅಷ್ಟೂ ಜನ ಒಂದೇ ಕಡೆ ನಿಂತಿರುತ್ತೇವೆ, ಏಕೆಂದರೆ ಆ ಕಥೆಯಲ್ಲಿ ನಮಗೆ ಹೊಂದುವ ಪಾತ್ರ ರೈಲಿನಿಂದ ಇಳಿಸಲ್ಪಟ್ಟವರದು, ಇಳಿಸಿದವರದಲ್ಲ. ಆರಂಭಕ್ಕೆ ಇದು ಸುಲಭದ ದಾರಿಯಾಗಿರಬಹುದು. ಆದರೆ ಹತ್ತು ಗಂಟೆಗಳ ಶಿಬಿರದಲ್ಲಿ ಎರಡೂವರೆ ಗಂಟೆಗಳನ್ನು ಅದಕ್ಕೆ ಕೊಟ್ಟದ್ದು ತಪ್ಪೆಂದೇ ನನ್ನ ಅಭಿಪ್ರಾಯ.

ಎರಡನೇ ಶನಿವಾರ ಹಿರಿಯರೊಬ್ಬರು ಕೇಳಿದ ಸರಳ ಪ್ರಶ್ನೆಯಿಂದ ಶಿಬಿರ ಮೊದಲ ಬಾರಿಗೆ ನೆಲಕ್ಕಿಳಿಯಿತು. ‘ಇಲ್ಲಿ ಜನಾಂಗ ಎಂದರೆ ಏನಮ್ಮಾ?’ ಎಂದು ಅವರು ಕೇಳಿದರು. ಅದು ಕುಚೋದ್ಯದ ಪ್ರಶ್ನೆಯಾಗಿರಲಿಲ್ಲ. ಕನ್ನಡದಲ್ಲಿ ನಾವು ಒಕ್ಕಲಿಗ ಜನಾಂಗ ಎನ್ನುತ್ತೇವೆ, ಕುರುಬ ಜನಾಂಗ ಎನ್ನುತ್ತೇವೆ, ಹಿಂದುಳಿದ ಜನಾಂಗ ಎನ್ನುತ್ತೇವೆ, ಯುವ ಜನಾಂಗ ಎಂದೂ ಎನ್ನುತ್ತೇವೆ. ಜಾತಿ, ಸಮುದಾಯ, ಪೀಳಿಗೆ ಎಲ್ಲವನ್ನೂ ಹೊರುವ ಈ ಪದದ ಮೇಲೆ, ಚರ್ಮದ ಬಣ್ಣ ಮತ್ತು ಮುಖದ ರಚನೆಯನ್ನು ನೋಡಿ ಮನುಷ್ಯನನ್ನು ಅಳೆಯುವ ಕ್ರಮವನ್ನೂ ಹೊರಿಸಿದರೆ, ಕೇಳುವವರಿಗೆ ತಾವು ಯಾವುದರ ಬಗ್ಗೆ ಉತ್ತರ ಕೊಡಬೇಕೆಂಬುದೇ ತಿಳಿಯುವುದಿಲ್ಲ. ವರ್ಣಭೇದ ಎಂಬ ಇನ್ನೊಂದು ಪದವಿದೆ. ಅದು ನಮ್ಮ ಪತ್ರಿಕೆಗಳಲ್ಲಿ ಬಹುಕಾಲ ದಕ್ಷಿಣ ಆಫ್ರಿಕಾದ ನೀತಿಗೆ ಮೀಸಲಾಗಿತ್ತು, ಮತ್ತು ವರ್ಣ ಎಂದೊಡನೆ ಬಣ್ಣಕ್ಕಿಂತ ಮೊದಲು ಚಾತುರ್ವರ್ಣ್ಯವೇ ನಮ್ಮ ಮನಸ್ಸಿಗೆ ಬರುತ್ತದೆ. ಸಂವಿಧಾನದ 15ನೇ ವಿಧಿಯು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳನ್ನು ಬೇರೆ ಬೇರೆಯಾಗಿಯೇ ಹೆಸರಿಸಿದೆ. ಆದರೆ ಮಾತಿನಲ್ಲಿ ನಾವು ಆ ಗೆರೆಗಳನ್ನು ಇಟ್ಟುಕೊಂಡಿಲ್ಲ.

ಬಣ್ಣದ ಪದಗಳ ಬಗ್ಗೆ ಅಂದು ನಡೆದ ಮಾತು ಇಡೀ ಶಿಬಿರದ ಅತ್ಯಂತ ಫಲವತ್ತಾದ ಭಾಗವಾಗಿತ್ತು, ಮತ್ತು ಅದು ಬಹುತೇಕ ಪೂರ್ತಿಯಾಗಿ ಕನ್ನಡದಲ್ಲಿ ನಡೆಯಿತು. ಕರಿಯಪ್ಪ, ಕೆಂಚಪ್ಪ, ಕರಿಯಮ್ಮ, ಕಾಳಮ್ಮ ಎಂದು ಮಕ್ಕಳಿಗೆ ಹೆಸರಿಟ್ಟ ನಾಡಿದು. ಕಪ್ಪು ದೇವತೆಯ ಎದುರು ಕೈಮುಗಿದು ಬಂದು, ಮನೆಗೆ ತರುವ ಸೊಸೆ ಮಾತ್ರ ಬೆಳ್ಳಗಿರಬೇಕೆಂದು ಹುಡುಕುವ ನಾಡೂ ಇದೇ. ಎಣ್ಣೆಗೆಂಪು, ಗೋಧಿ ಬಣ್ಣ, ‘ಬಣ್ಣ ಸ್ವಲ್ಪ ಕಡಿಮೆ, ಆದರೆ ಲಕ್ಷಣವಾಗಿದ್ದಾಳೆ’ ಎಂಬ ಮಾತುಗಳನ್ನು ಒಬ್ಬೊಬ್ಬರಾಗಿ ನೆನಪಿಸಿಕೊಂಡಾಗ, ನಲವತ್ತು ದಾಟಿದ ಮಹಿಳೆಯೊಬ್ಬರು ತಮ್ಮನ್ನು ನೋಡಲು ಬಂದ ಏಳು ಗಂಡುಗಳ ಕಡೆಯವರು ಈ ‘ಆದರೆ’ಯವರೆಗೂ ಬರದೆ ಎದ್ದು ಹೋದದ್ದನ್ನು ಹೇಳಿದರು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಎಂಬ ಕ್ರೀಮು 2020ರಲ್ಲಿ ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಿಸಿಕೊಂಡದ್ದನ್ನು ಶಿಬಿರದ ಕೈಪಿಡಿ ಸಾಧನೆಯೆಂಬಂತೆ ದಾಖಲಿಸಿತ್ತು. ಆ ಮಹಿಳೆ ಅದನ್ನು ಓದಿ, ತಮ್ಮ ಮಗಳಿಗೆ ಅದೇ ಟ್ಯೂಬನ್ನು ಅಜ್ಜಿ ಇಂದಿಗೂ ಹಳೆಯ ಹೆಸರಿನಲ್ಲೇ ತರಿಸುತ್ತಾರೆಂದು ಹೇಳಿದರು. ಕರಿಯ ಎಂಬ ಪದ ಒಬ್ಬ ತಾಯಿಯ ಬಾಯಲ್ಲಿ ಮುದ್ದಿನ ಹೆಸರಾಗಿದ್ದು, ಅದೇ ಪದವನ್ನು ಹೆಣ್ಣೂರು ರಸ್ತೆಯಲ್ಲಿ ನಡೆದುಹೋಗುವ ಆಫ್ರಿಕಾದ ವಿದ್ಯಾರ್ಥಿಯ ಬೆನ್ನಿಗೆ ಕೂಗಿದಾಗ ಬೇರೇನೋ ಆಗುತ್ತದೆ ಎಂಬುದನ್ನು ಯಾವ ಪರದೆಯ ಚಿತ್ರವೂ ಇಲ್ಲದೆ ನಾವೇ ಮಾತನಾಡುತ್ತಾ ಕಂಡುಕೊಂಡೆವು. ಈ ಎಳೆಯನ್ನು ಇನ್ನೊಂದು ಗಂಟೆ ಹಿಡಿದು ಹೋಗಬಹುದಾಗಿತ್ತು. ಆದರೆ ವೇಳಾಪಟ್ಟಿಯಲ್ಲಿ ಮುಂದಿನ ಚಟುವಟಿಕೆ ಇದ್ದುದರಿಂದ ನಿಲ್ಲಿಸಲಾಯಿತು.

ಬೆಂಗಳೂರಿನ ಸ್ವಂತ ಚರಿತ್ರೆಗೆ ಅವರು ಕೊಟ್ಟದ್ದು ಸುಮಾರು ಕಾಲು ಗಂಟೆ. 2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಹಿಂಸಾಚಾರದ ನಂತರ ಹಬ್ಬಿದ ವದಂತಿಗಳಿಗೆ ಹೆದರಿ, ಈಶಾನ್ಯ ರಾಜ್ಯಗಳ ಸಾವಿರಾರು ಜನ ಮೆಜೆಸ್ಟಿಕ್‌ನ ರೈಲು ನಿಲ್ದಾಣದಲ್ಲಿ ನೆರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು, ಮಂತ್ರಿಗಳೂ ಪೊಲೀಸ್ ಅಧಿಕಾರಿಗಳೂ ಪ್ಲಾಟ್‌ಫಾರ್ಮಿಗೇ ಹೋಗಿ ಧೈರ್ಯ ಹೇಳಿದರು, ಒಟ್ಟಾಗಿ ಕಳುಹಿಸುವ ಎಸ್‌ಎಂಎಸ್‌ಗಳಿಗೆ ಕೇಂದ್ರ ಸರ್ಕಾರ ದೇಶದಾದ್ಯಂತ ಮಿತಿ ಹೇರಿತು. ಶಿಬಿರದಲ್ಲಿದ್ದ ಮಣಿಪುರದ ಒಬ್ಬರು ಆ ರಾತ್ರಿ ನಿಲ್ದಾಣದಲ್ಲಿದ್ದವರು. ಮುನ್ಸೂಚನೆ ಇಲ್ಲದೆಯೇ ಅವರನ್ನು ‘ನಿಮ್ಮ ಅನುಭವ ಹಂಚಿಕೊಳ್ಳಿ’ ಎಂದು ಕೇಳಲಾಯಿತು. ನೊಂದವರು ಉಳಿದವರ ಕಲಿಕೆಗಾಗಿ ಮತ್ತೊಮ್ಮೆ ನೋಯಬೇಕೆಂದು ನಿರೀಕ್ಷಿಸುವ ಈ ಪದ್ಧತಿಯನ್ನು ಸಂಸ್ಥೆಯವರು ದಯವಿಟ್ಟು ಬಿಡಬೇಕು. ಮಣಿಪುರದವರು ಚಿಕ್ಕದಾಗಿ ಹೇಳಿ ಮುಗಿಸಿದರು. ಆಗ ನಮ್ಮ ಕಟ್ಟಡದವರೊಬ್ಬರು, ‘ಅವತ್ತು ಬೆಂಗಳೂರಿನವರು ಯಾರೂ ಅವರನ್ನು ಓಡಿಸಲಿಲ್ಲ, ವದಂತಿ ನಂಬಿ ಅವರೇ ಹೊರಟರು’ ಎಂದರು. ಈ ಮಾತಿನಲ್ಲಿ ಸತ್ಯಾಂಶವಿದೆ. ಜನ ಹೊರಟದ್ದು ಮುಖ್ಯವಾಗಿ ವದಂತಿಯಿಂದ. ಆದರೆ ಹತ್ತಾರು ವರ್ಷ ದುಡಿದ ಊರನ್ನು ಒಂದು ರಾತ್ರಿಯಲ್ಲಿ ಬಿಟ್ಟು ಹೋಗುವಷ್ಟು ಸುಲಭವಾಗಿ ಆ ವದಂತಿ ಏಕೆ ನಂಬಿಕೆಗೆ ಅರ್ಹವಾಗಿ ಕಂಡಿತು? ಬೀದಿಯಲ್ಲಿ ಕೇಳಿದ ‘ಚಿಂಕಿ’ ಎಂಬ ಕೂಗು, ‘ನೇಪಾಳದವರಾ?’ ಎಂಬ ಪ್ರಶ್ನೆ, ಮನೆ ಖಾಲಿ ಇದ್ದರೂ ಇಲ್ಲವೆಂದ ಮಾಲೀಕರು, ನನ್ನ ನೋಟಿಸಿನಂಥ ನೋಟಿಸುಗಳು ಆ ನಂಬಿಕೆಗೆ ಮೊದಲೇ ನೆಲ ಹದಮಾಡಿದ್ದವು ಎಂದು ನಾನು ಈಗ ತಿಳಿಯುತ್ತೇನೆ. ಈ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

2016ರ ಜನವರಿ 31ರ ಘಟನೆಯೂ ಹೀಗೆಯೇ ಕೈಜಾರಿತು. ಹೆಸರಘಟ್ಟದ ಬಳಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಮಹಿಳೆಯೊಬ್ಬರನ್ನು ಬಲಿ ತೆಗೆದುಕೊಂಡ ಮೇಲೆ, ಅಪಘಾತದೊಂದಿಗೆ ಯಾವ ಸಂಬಂಧವೂ ಇರದೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮತ್ತು ಅವಳ ಸ್ನೇಹಿತರ ಮೇಲೆ ಗುಂಪು ಹಲ್ಲೆ ನಡೆಸಿ ಕಾರಿಗೆ ಬೆಂಕಿ ಹಚ್ಚಿತು. ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಹುಟ್ಟಿದ ಪ್ರತಿಕ್ರಿಯೆ ಎಂದು ಅಂದಿನ ರಾಜ್ಯದ ಗೃಹ ಸಚಿವರು ಹೇಳಿದ್ದರು. ಶಿಬಿರದಲ್ಲೂ ಕೆಲವರು ಅದನ್ನೇ ಹೇಳಿದರು, ನಿರ್ವಾಹಕಿ ‘ಎರಡೂ ದೃಷ್ಟಿಕೋನಗಳಿವೆ’ ಎಂದು ಮುಂದೆ ಸಾಗಿದರು. ಇಲ್ಲಿ ನಾನು ಅವರನ್ನು ಒಪ್ಪಲಾರೆ. ಒಂದು ದೇಶದವನು ಮಾಡಿದ ಅಪಘಾತಕ್ಕೆ ಇನ್ನೊಂದು ದೇಶದವಳು ಪೆಟ್ಟು ತಿನ್ನಬೇಕಾದರೆ ಅವರಿಬ್ಬರನ್ನೂ ಒಂದೆಂದು ಎಣಿಸಲು ಗುಂಪಿಗೆ ಸಿಕ್ಕ ಆಧಾರ ಚರ್ಮದ ಬಣ್ಣವೊಂದೇ ಆಗಿತ್ತು. ಜನಾಂಗೀಯತೆ ಎಂಬುದನ್ನು ಕನ್ನಡದಲ್ಲಿ ಹೇಗೆ ವಿವರಿಸಬೇಕೆಂದು ಮೊದಲೇ ಕೇಳಿದ್ದ ಹಿರಿಯರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇರೆ ಇರಲಿಲ್ಲ.

ಮೂರನೇ ಶನಿವಾರ ಯಲ್ಲಾಪುರದ ಕಡೆಯ ಒಬ್ಬ ಸಿದ್ದಿ ಯುವಕರು ಮಾತನಾಡಿದರು. ಪೋರ್ಚುಗೀಸರೇ ಮೊದಲಾದವರು ಆಫ್ರಿಕಾದಿಂದ ತಂದ ಜನರ ಸಂತತಿಯವರಾದ ಸಿದ್ದಿಗಳು ಉತ್ತರ ಕನ್ನಡದ ಕಾಡಂಚಿನಲ್ಲಿ ತಲೆಮಾರುಗಳಿಂದ ಇದ್ದಾರೆ. 2003ರಲ್ಲಿ ಆ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು, 2020ರಲ್ಲಿ ಶಾಂತಾರಾಮ ಸಿದ್ದಿಯವರು ಆ ಸಮುದಾಯದಿಂದ ಮೊದಲಿಗರಾಗಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಈ ಯುವಕರು ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಾರೆ. ಅವರು ಐದು ನಿಮಿಷ ಮಾತನಾಡಿ ಮುಗಿಸಿದ ಕೂಡಲೇ ನಮ್ಮಲ್ಲೊಬ್ಬರು ಮೆಚ್ಚುಗೆಯಿಂದ, ‘ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ!’ ಎಂದರು. ಯುವಕರು ಶಾಂತವಾಗಿ, ‘ನಾನು ಕನ್ನಡ ಶಾಲೆಯಲ್ಲೇ ಓದಿದವನು ಸರ್. ಬೇರೆ ಯಾವ ಭಾಷೆಯಲ್ಲಿ ಮಾತಾಡಲಿ?’ ಎಂದು ಕೇಳಿದರು. ಮೆಚ್ಚಿದವರ ಮುಖ ಕೆಂಪಾಯಿತು. ಅವರು ಕೆಟ್ಟವರಲ್ಲ, ಮನಸ್ಸಿನಲ್ಲಿ ಕೆಟ್ಟದ್ದನ್ನು ಇಟ್ಟುಕೊಂಡು ಹೇಳಿದವರೂ ಅಲ್ಲ. ಮೌನ ಸ್ವಲ್ಪ ಹೊತ್ತು ಹಾಗೆಯೇ ಉಳಿದಿದ್ದರೆ ಅವರೇ ಏನನ್ನಾದರೂ ಹೇಳುತ್ತಿದ್ದರು ಎಂದು ನನಗೆ ಅನಿಸುತ್ತದೆ. ಆದರೆ ಯಾರಿಗೂ ಮುಜುಗರವಾಗಬಾರದು ಎಂಬುದು ಶಿಬಿರದ ಮೊದಲ ನಿಯಮವಾಗಿದ್ದುದರಿಂದ, ನಿರ್ವಾಹಕಿ ತಕ್ಷಣ ಚಹಾ ವಿರಾಮ ಘೋಷಿಸಿದರು. ಈ ನಿಯಮದ ಬಗ್ಗೆ ನನ್ನ ಆಕ್ಷೇಪ ಗಂಭೀರವಾದದ್ದು. ಅದು ಎಲ್ಲರನ್ನೂ ಸಮನಾಗಿ ಕಾಯುತ್ತದೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಆ ಕೋಣೆಯಲ್ಲಿ ಮುಜುಗರ ಹೊಸದಾಗಿದ್ದುದು ಮನೆ ಮಾಲೀಕರಿಗೆ ಮಾತ್ರ, ಉಳಿದವರಿಗೆ ಅದು ದಿನನಿತ್ಯದ್ದು.

ಅದೇ ನಿಯಮ ಇನ್ನೊಂದು ಕಡೆಯಿಂದಲೂ ಬಾಯಿ ಮುಚ್ಚಿಸಿತು ಎಂಬುದನ್ನು ಹೇಳದಿದ್ದರೆ ಈ ವಿಮರ್ಶೆ ನ್ಯಾಯಯುತವಾಗುವುದಿಲ್ಲ. ನಮ್ಮ ಕಟ್ಟಡದ ಮೊದಲ ಮಹಡಿಯಲ್ಲಿರುವ, ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರಾಗಿ ನಿವೃತ್ತರಾದವರೊಬ್ಬರು, ಈ ಊರಿನಲ್ಲಿ ತಮ್ಮ ಭಾಷೆಯಲ್ಲಿ ಒಂದು ಅರ್ಜಿ ತುಂಬಲು, ಒಂದು ಅಂಗಡಿಯಲ್ಲಿ ಸಾಮಾನು ಕೇಳಲು ಆಗದಿರುವುದರ ನೋವನ್ನು ಹೇಳತೊಡಗಿದರು. ಅವರ ಮಾತು ಒರಟಾಗಿತ್ತು, ‘ಹೊರಗಿನವರು’ ಎಂಬ ಪದ ಎರಡು ಬಾರಿ ಬಂತು. ‘ಈ ಪದವನ್ನು ಇಲ್ಲಿ ಬಳಸುವಂತಿಲ್ಲ’ ಎಂದು ಅವರನ್ನು ತಡೆಯಲಾಯಿತು. ಭಾಷೆಯ ಅಳಲನ್ನು ಮುಂದಿಟ್ಟುಕೊಂಡು ಹಲ್ಲೆ ನಡೆಸಿದವರು ಈ ನಗರದಲ್ಲಿದ್ದಾರೆ, ಆದ್ದರಿಂದ ಎಚ್ಚರ ಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಅವರ ಅಳಲು ನೆಪವಾಗಿರಲಿಲ್ಲ. ಅದನ್ನು ಪೂರ್ತಿ ಕೇಳಿಸಿಕೊಂಡು, ನಂತರ ‘ಹಾಗಾದರೆ ಆ ನರ್ಸುಗಳು ನಿಮಗೇನು ಮಾಡಿದ್ದರು?’ ಎಂದು ಕೇಳಬಹುದಾಗಿತ್ತು. ಕೇಳಲಿಲ್ಲ. ಅವರು ಉಳಿದ ಹೊತ್ತೆಲ್ಲ ಕೈಕಟ್ಟಿ ಕುಳಿತಿದ್ದರು. ಅನುಮತಿಸಲಾದ ಪದಗಳು ಯಾವುವು ಎಂದು ಇಂಗ್ಲಿಷ್ ಬಲ್ಲವರಿಗೆ ಮಾತ್ರ ಗೊತ್ತಿರುತ್ತದೆ, ಅವರು ತಮ್ಮ ಪೂರ್ವಗ್ರಹವನ್ನು ಆ ಪದಗಳೊಳಗೆ ಇಟ್ಟು ಸಲೀಸಾಗಿ ದಾಟಿಬಿಡುತ್ತಾರೆ. ನನ್ನ ನೋಟಿಸಿನ ‘ಅಹಿತಕರ ವಾಸನೆ’ ಅಂಥದೇ ಪದವಾಗಿತ್ತು. ಅದು ಇಂಗ್ಲಿಷಿನಲ್ಲಿ ಮಾತ್ರ ಇತ್ತು ಎಂಬುದನ್ನೂ ಇಲ್ಲಿ ಹೇಳಬೇಕು.

ಕೊನೆಯ ಶನಿವಾರ, ಇದುವರೆಗೂ ಹೆಚ್ಚು ಮಾತನಾಡದಿದ್ದ ದಲಿತ ಶಿಕ್ಷಕಿಯೊಬ್ಬರು ಒಂದು ಮಾತು ಹೇಳಿದರು. ಬಾಡಿಗೆ ಮನೆಗೆ ಹೋದಾಗ ತಮ್ಮನ್ನು ಯಾರೂ ಯಾವ ದೇಶ, ಯಾವ ರಾಜ್ಯ ಎಂದು ಕೇಳುವುದಿಲ್ಲ, ‘ನೀವು ಯಾವ ಜನ?’ ಎಂದು ಕೇಳುತ್ತಾರೆ, ಹಾಗೆ ಕೇಳಲು ನಾಚಿದವರು ‘ವೆಜ್ಜಾ, ನಾನ್‌ವೆಜ್ಜಾ?’ ಎನ್ನುತ್ತಾರೆ; ಹತ್ತು ತಿಂಗಳ ಅಡ್ವಾನ್ಸು ಕೈಯಲ್ಲಿದ್ದರೂ ಉತ್ತರ ಕೇಳಿದ ಮೇಲೆ ಮನೆ ಬೇರೆಯವರಿಗೆ ಆಗಿಹೋಗಿರುತ್ತದೆ ಎಂದರು. ಆಫ್ರಿಕಾದ ವಿದ್ಯಾರ್ಥಿ, ನಾಗಾ ನರ್ಸು, ತಾವು, ಮೂವರೂ ನಿಂತಿರುವುದು ಅದೇ ಬಾಗಿಲಿನ ಮುಂದೆ ಎಂಬುದು ಅವರ ಮಾತಿನ ಅರ್ಥವಾಗಿತ್ತು. 2001ರಲ್ಲಿ ಡರ್ಬನ್‌ನಲ್ಲಿ ಜನಾಂಗೀಯತೆಯ ವಿರುದ್ಧ ನಡೆದ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ ಜಾತಿಯನ್ನೂ ಚರ್ಚೆಗೆ ತರಬೇಕೆಂದು ದಲಿತ ಸಂಘಟನೆಗಳು ಒತ್ತಾಯಿಸಿದಾಗ, ಜಾತಿಯು ಜನಾಂಗವಲ್ಲವೆಂದು ಭಾರತ ಸರ್ಕಾರ ವಿರೋಧಿಸಿತ್ತು. ಜಾತಿಯೂ ಜನಾಂಗವೂ ಒಂದೇ ಎಂದು ನಾನೂ ಹೇಳಲಾರೆ, ಅವುಗಳ ಬೇರುಗಳು ಬೇರೆ. ಆದರೆ ನಮ್ಮಲ್ಲಿ ಅನ್ಯರ ಮುಖ ನೋಡಿ ಅಳೆಯುವ ಕಣ್ಣು ಪಳಗಿದ್ದು ಜಾತಿಯ ಮನೆಯಲ್ಲೇ ಎಂಬುದನ್ನು ಆ ಶಿಕ್ಷಕಿ ಒಂದೇ ಮಾತಿನಲ್ಲಿ ತೋರಿಸಿದರು. ‘ವಚನಕಾರರ ನಾಡು, ವಿಶ್ವಮಾನವ ಸಂದೇಶದ ನಾಡು ನಮ್ಮದು, ಇಲ್ಲಿ ಅದೆಲ್ಲ ಕಡಿಮೆ’ ಎಂದು ಯಾರೋ ಹೇಳಿದರು. ಆ ಪರಂಪರೆಯನ್ನು ನಾನು ಪ್ರೀತಿಸುತ್ತೇನೆ. ಅದನ್ನು ಪ್ರಶ್ನೆಗೆ ಬಾಗಿಲು ಹಾಕಲು ಬಳಸಿದಾಗ ನನಗೆ ನೋವಾಗುತ್ತದೆ.

ಅಂದೇ ನಾನು ನನ್ನ ನೋಟಿಸಿನ ಬಗ್ಗೆ ಹೇಳಿದೆ. ಬರೆದವನು ನಾನು, ದೂರು ಬಂದಾಗ ಆ ಇಬ್ಬರನ್ನು ಒಮ್ಮೆಯೂ ಮಾತನಾಡಿಸಿರಲಿಲ್ಲ ಎಂದೆ. ಸಭೆ ಚಪ್ಪಾಳೆ ತಟ್ಟಿತು, ಅದು ನನಗೆ ಹಿತವಾಗಲಿಲ್ಲ. ಚಪ್ಪಾಳೆಯ ನಂತರ ಏನು ಮಾಡಬೇಕೆಂಬ ಪ್ರಶ್ನೆ ಬರಲೇ ಇಲ್ಲ. ಎಲ್ಲರೂ ಒಂದೊಂದು ಪದದಲ್ಲಿ ತಮ್ಮ ಭಾವನೆಯನ್ನು ಹೇಳಿ, ಪ್ರಮಾಣಪತ್ರ ಪಡೆದು ಹೊರಟೆವು.

ಕೈಪಿಡಿಯ ಬಗ್ಗೆ ಒಂದು ಮಾತು. ಇಪ್ಪತ್ತು ಪುಟಗಳಲ್ಲಿ ಅಮೆರಿಕದ ಕಾನೂನುಗಳಿವೆ, ಆದರೆ 2014ರಲ್ಲಿ ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಹಲ್ಲೆಗೊಳಗಾಗಿ ಮೃತಪಟ್ಟ ಮೇಲೆ ರಚನೆಯಾದ ಬೆಜ್‌ಬರುವಾ ಸಮಿತಿಯ ಹೆಸರಿಲ್ಲ. ಈಶಾನ್ಯದವರನ್ನು ಜನಾಂಗದ ಕಾರಣಕ್ಕೆ ಅವಮಾನಿಸುವುದನ್ನು ಪ್ರತ್ಯೇಕ ಅಪರಾಧವಾಗಿಸಬೇಕೆಂದು ಆ ಸಮಿತಿ ಶಿಫಾರಸು ಮಾಡಿತ್ತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮಿನಲ್ಲಿ, ಐದು ಅಥವಾ ಹೆಚ್ಚು ಜನರ ಗುಂಪು ಜನಾಂಗ, ಜಾತಿ, ಭಾಷೆ, ಜನ್ಮಸ್ಥಳ ಮೊದಲಾದ ಕಾರಣಕ್ಕೆ ಕೊಲೆ ಮಾಡಿದರೆ ಅದಕ್ಕೆ ಬೇರೆಯೇ ಉಪಕಲಮಿದೆ ಎಂಬುದೂ ಇಲ್ಲ. ಬಾಡಿಗೆ ನಿರಾಕರಿಸಲ್ಪಟ್ಟವರು ಯಾರ ಬಳಿ ಹೋಗಬೇಕೆಂಬ ಒಂದು ಸಾಲೂ ಇಲ್ಲ. ಬೆಂಗಳೂರಿನಲ್ಲಿ ಮಾರುವ ಕೈಪಿಡಿಯಲ್ಲಿ ಇದು ಕ್ಷಮಿಸಲಾಗದ ಲೋಪ.

ಹಾಗಿದ್ದರೂ ಈ ಸೇವೆಯನ್ನು ಪಡೆಯಬೇಡಿ ಎಂದು ನಾನು ಹೇಳುವುದಿಲ್ಲ. ಎರಡನೇ ಶನಿವಾರದಂಥ ಮಾತು ನಮ್ಮ ಕಟ್ಟಡದ ಹದಿನೈದು ವರ್ಷಗಳಲ್ಲಿ ಎಂದೂ ನಡೆದಿರಲಿಲ್ಲ. ಅದಕ್ಕೆ 1,200 ರೂಪಾಯಿ ಹೆಚ್ಚಲ್ಲ. ಪಡೆಯುವವರು ಮೊದಲೇ ಪಟ್ಟು ಹಿಡಿದು ಕೇಳಬೇಕಾದದ್ದಿದೆ: ಶಿಬಿರ ಕನ್ನಡದಲ್ಲೇ ನಡೆಯಲಿ, ಬೇಕಾದವರಿಗೆ ಇಂಗ್ಲಿಷಿನ ಸಾರಾಂಶ ಸಿಗಲಿ, ಜನ ಹತ್ತು ಹನ್ನೆರಡಕ್ಕಿಂತ ಹೆಚ್ಚಿರುವುದು ಬೇಡ, ಮೊದಲ ದಿನವೇ ನಿಮ್ಮ ಕಟ್ಟಡದ ನಿಯಮಾವಳಿಯನ್ನು ಮೇಜಿನ ಮೇಲಿಟ್ಟು ಆರಂಭಿಸಿ, ನೊಂದವರು ತಾವಾಗಿ ಮಾತನಾಡುವವರೆಗೆ ಅವರನ್ನು ಕೇಳಬೇಡಿ.

ಶಿಬಿರ ಮುಗಿದ ದಿನ ಮೆಟ್ಟಿಲ ಮೇಲೆ ಆ ನಿವೃತ್ತ ಕಂಡಕ್ಟರ್ ನನ್ನನ್ನು ನಿಲ್ಲಿಸಿ, ‘ಆ ಹುಡುಗಿಯರು ನಮ್ಮ ಮನೆಯವಳಿಗೆ ಜ್ವರ ಬಂದಾಗ ರಾತ್ರಿ ಹನ್ನೆರಡಕ್ಕೆ ಬಂದು ನೋಡಿದ್ರು ಸಾರ್. ಅದನ್ನ ಅಲ್ಲಿ ಹೇಳ್ಬೇಕು ಅಂತಿದ್ದೆ’ ಎಂದರು. ಮುಂದಿನ ಸಭೆಯಲ್ಲಿ 14ನೇ ಕಲಮನ್ನು ತೆಗೆಯಬೇಕೆಂದು ನಾನು ಠರಾವು ಮಂಡಿಸಿದಾಗ ಅನುಮೋದಿಸಿದವರು ಅವರು. ಇನ್ನು ಮುಂದೆ ಸಂಘದ ಪ್ರತಿಯೊಂದು ನೋಟಿಸೂ ಕನ್ನಡದಲ್ಲಿ ಇರಬೇಕೆಂದು ಅದೇ ಠರಾವಿಗೆ ಇನ್ನೊಂದು ಸಾಲನ್ನೂ ಸೇರಿಸಿದರು. ಹನ್ನೊಂದು ಮನೆಗಳು ಪರವಾಗಿ, ಒಂಬತ್ತು ವಿರೋಧವಾಗಿ ಮತ ಹಾಕಿದವು. ನಿಯಮ ಬದಲಿಸಲು ಮೂರನೇ ಎರಡರಷ್ಟು ಮತ ಬೇಕಾದ್ದರಿಂದ ಕಲಮು ಸದ್ಯಕ್ಕೆ ಉಳಿದಿದೆ. ಮಾರ್ಚ್ ತಿಂಗಳ ಸಭೆಯ ಕಾರ್ಯಸೂಚಿಯನ್ನು ನಿನ್ನೆ ಲಿಫ್ಟಿನ ಪಕ್ಕದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಂಟಿಸಿದ್ದೇನೆ, ಅದರಲ್ಲಿ ಈ ಠರಾವು ಮೊದಲನೆಯದು.